ದ್ರಾಕ್ಷಿ ಗೊಂಚಲಿನ ಸಂದಿಯ ಕಪ್ಪು

ಪ್ರಶ್ನೆ: ನಮ್ಮ ಮಾವನವರು 1960ರ ದಶಕದಲ್ಲಿ ಕೆಲಸದ ಮೇಲೆ ಕೋಪನ್‌ಹೇಗನ್‌ಗೆ ಹೋಗಿದ್ದರು. ಅಲ್ಲಿ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಬೆಳ್ಳಿ ಬಟ್ಟಲು ಕೊಂಡು ತಂದರು. ಒಂದು ಗೇಣು ಎತ್ತರ. ತಿರುಚಿದ ಹಾಗಿರುವ ಕಾಂಡ, ಅದರ ಮೇಲೆ ಅಗಲವಾದ ಬಟ್ಟಲು, ಬಟ್ಟಲ ಕೆಳಗೆ ದ್ರಾಕ್ಷಿ ಗೊಂಚಲು ತೂಗುತ್ತಿವೆ. ತೂಕ 520 ಗ್ರಾಂ. ಅಡಿಯಲ್ಲಿ 'ಜಿ ಜೆ', '830 ಎಸ್', ಮೂರು ಗೋಪುರದ ಚಿತ್ರ, ಅದರ ಕೆಳಗೆ '23', ಪಕ್ಕದಲ್ಲಿ 'ಸಿ ಎಫ್ ಎಚ್', ಮತ್ತೆ '263 ಬಿ' ಎಂದು ಮುದ್ರೆಗಳಿವೆ. ಬೆಳ್ಳಿ ಅಂಗಡಿಯವರು 'ಇದು ಕಲಬೆರಕೆ, ಮೈಯೆಲ್ಲ ತಗ್ಗುದಿಣ್ಣೆ ಬೇರೆ, ಕರಗಿಸಿ ಹೊಸದು ಮಾಡಿಸ್ಕೊಳ್ಳಿ' ಅಂದರು. ದ್ರಾಕ್ಷಿ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅತ್ತೆ ವಿಭೂತಿ ಹಾಕಿ ಉಜ್ಜು ಅಂತಾರೆ. ಮಗಳು ಡೆನ್ಮಾರ್ಕ್‌ಗೇ ಕಳಿಸಿ ಹರಾಜಿಗೆ ಹಾಕೋಣ ಅಂತಾಳೆ. ನನಗೆ ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ಅದನ್ನು ಹೊರಗೆ ತೆಗೆಯಬೇಕು ಎಂದು ಆಸೆ. ಏನು ಮಾಡಲಿ?

ಮೈಸೂರಿನ ಓದುಗರು

ಉತ್ತರ: ಮೊದಲು ಉಜ್ಜುವುದನ್ನು ನಿಲ್ಲಿಸಿ. ಉಳಿದದ್ದು ಆಮೇಲೆ.

ನೀವು ಕಳಿಸಿದ ಚಿತ್ರಗಳನ್ನು ಎರಡು ದಿನ ನೋಡಿದೆ. ಚಿತ್ರ ನೋಡಿ ಕೊನೆಯ ಮಾತು ಹೇಳುವುದು ತಪ್ಪು. ಬೆಳ್ಳಿಯನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಆದರೆ ನಿಮ್ಮ ಬಟ್ಟಲಿನ ಮುದ್ರೆಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿವೆ. ಅದು ಡೆನ್ಮಾರ್ಕ್‌ನ ಜಾರ್ಜ್ ಜೆನ್ಸನ್ ಕಾರ್ಯಾಗಾರದ ದ್ರಾಕ್ಷಿ ಬಟ್ಟಲು ಎನ್ನುವುದಕ್ಕೆ ಬೇಕಾದಷ್ಟು ಕಾರಣ ಇದೆ. ಹೇಗೆ ಅಂತ ಹೇಳುತ್ತೇನೆ.

ಮೂರು ಗೋಪುರ ಕೋಪನ್‌ಹೇಗನ್ ನಗರದ ಲಾಂಛನ. ಅದು ಬೆಳ್ಳಿಯನ್ನು ಪರೀಕ್ಷೆ ಮಾಡಿ ಒತ್ತುವ ಸರ್ಕಾರಿ ಮುದ್ರೆ, ನಮ್ಮ ಹಾಲ್‌ಮಾರ್ಕ್ ಇದ್ದ ಹಾಗೆ. ಕೆಳಗಿನ 23 ಅಂದರೆ 1923. 'ಸಿ ಎಫ್ ಎಚ್' ಆಗ ಪರೀಕ್ಷೆಯ ಹೊಣೆ ಹೊತ್ತಿದ್ದ ಕ್ರಿಶ್ಚಿಯನ್ ಹೈಸೆ ಅವರ ಹೆಸರಿನ ಅಕ್ಷರಗಳು. ಅವರು ಆ ಕೆಲಸದಲ್ಲಿದ್ದದ್ದು 1904ರಿಂದ 1932ರವರೆಗೆ. ಅವರ ನಂತರ ಬಂದವರದು 'ಜೆ ಎಸ್'. ಒಂದು ಪಾತ್ರೆಯಲ್ಲಿ 23 ಮತ್ತು 'ಜೆ ಎಸ್' ಒಟ್ಟಿಗೆ ಕಂಡರೆ ಅನುಮಾನ ಪಡಬೇಕು. ನಿಮ್ಮದರಲ್ಲಿ ಆ ತೊಂದರೆ ಇಲ್ಲ. 263 ಅನ್ನುವುದು ವಿನ್ಯಾಸದ ಸಂಖ್ಯೆ, ಪಕ್ಕದ 'ಬಿ' ಅಳತೆಯ ಗುರುತು. ಈ ದ್ರಾಕ್ಷಿ ಬಟ್ಟಲಿನ ವಿನ್ಯಾಸ ಹುಟ್ಟಿದ್ದು 1918ರಲ್ಲಿ, ನಿಮ್ಮದಕ್ಕೆ ಮುದ್ರೆ ಬಿದ್ದದ್ದು 1923ರಲ್ಲಿ. ಲೆಕ್ಕ ಸರಿ ಹೋಯಿತು. ಇನ್ನೊಂದು ಮಾತು. ಚುಕ್ಕೆಗಳ ಮೊಟ್ಟೆಯಾಕಾರದೊಳಗೆ 'ಜಾರ್ಜ್ ಜೆನ್ಸನ್' ಎಂದು ಪೂರ್ತಿ ಹೆಸರು ಬರೆದ ಮುದ್ರೆ ಜಾಸ್ತಿ ಕಾಣಸಿಗುತ್ತದೆ. ಅದು 1945ರ ನಂತರದ್ದು. ಅದು ನಿಮ್ಮ ಬಟ್ಟಲಲ್ಲಿ ಇಲ್ಲದಿರುವುದೇ ಒಳ್ಳೆಯದು. ಇದ್ದಿದ್ದರೆ 23ಕ್ಕೂ ಅದಕ್ಕೂ ಜಗಳ ಬೀಳುತ್ತಿತ್ತು.

ಇನ್ನು 'ಕಲಬೆರಕೆ' ವಿಷಯ. 830 ಅಂದರೆ ಸಾವಿರಕ್ಕೆ 830 ಪಾಲು ಬೆಳ್ಳಿ, ಉಳಿದದ್ದು ಹೆಚ್ಚುಕಡಿಮೆ ತಾಮ್ರ. ನಿಮ್ಮ 520 ಗ್ರಾಮಿನಲ್ಲಿ 431 ಗ್ರಾಂ ಮೇಲೆ ಬೆಳ್ಳಿಯೇ ಇದೆ. ಡೆನ್ಮಾರ್ಕ್‌ನಲ್ಲಿ ಆಗ 826 ಅಥವಾ 830 ಬೆಳ್ಳಿ ಮಾಮೂಲು. ಇಂಗ್ಲೆಂಡಿನ 'ಸ್ಟರ್ಲಿಂಗ್' ಬೆಳ್ಳಿ 925. ಜೆನ್ಸನ್ ಅವರ ಕಡೆಯಲ್ಲೂ ಮುಂದೆ 925 ಬಳಕೆಗೆ ಬಂತು. ತಾಮ್ರ ಸೇರಿಸುವುದು ಮೋಸಕ್ಕಲ್ಲ. ಚೊಕ್ಕ ಬೆಳ್ಳಿ ಬಹಳ ಮೆತ್ತಗೆ. ಮನೆಯಲ್ಲಿ ಚೊಕ್ಕ ಬೆಳ್ಳಿಯ ಲೋಟ ಇದ್ದವರಿಗೆ ಗೊತ್ತು, ಒಂದು ಸಲ ಕೈಜಾರಿ ಬಿದ್ದರೆ ಸಾಕು, ಸೊಟ್ಟಗಾಗುತ್ತದೆ. ಅಷ್ಟು ತೆಳು ಕಾಂಡದ ಮೇಲೆ ಅಷ್ಟು ಅಗಲದ ಬಟ್ಟಲು ನೂರು ವರ್ಷ ನೆಟ್ಟಗೆ ನಿಲ್ಲಬೇಕಾದರೆ ಸ್ವಲ್ಪ ಗಟ್ಟಿ ಲೋಹವೇ ಬೇಕು. ಅಂಗಡಿಯವರನ್ನು ಬೈಯುವುದಿಲ್ಲ. ಅವರ ತಕ್ಕಡಿ ಬೆಳ್ಳಿಯನ್ನು ತೂಗುವುದಕ್ಕೆ ಇದೆ, ಕೆಲಸವನ್ನು ತೂಗುವುದಕ್ಕೆ ಅಲ್ಲ.

ಈಗ ಆ ತಗ್ಗುದಿಣ್ಣೆ. ನಿಮ್ಮ ಬಟ್ಟಲಿನ ಜೀವ ಇರುವುದೇ ಅಲ್ಲಿ. ಹಾಗಾಗಿ ಈ ಭಾಗ ಸ್ವಲ್ಪ ಉದ್ದವಾಗುತ್ತದೆ.

19ನೇ ಶತಮಾನದ ಕೊನೆಯಲ್ಲಿ ಯುರೋಪಿನ ಶ್ರೀಮಂತರ ಮೇಜಿನ ಬೆಳ್ಳಿ ಹೇಗಿತ್ತು ಗೊತ್ತಾ? ಯಂತ್ರದ ಅಚ್ಚಿನಲ್ಲಿ ಒತ್ತಿದ್ದು. ಮೈತುಂಬ ಹೂ, ಬಳ್ಳಿ, ದೇವತೆ, ಚಿಪ್ಪು. ಎಲ್ಲಿ ನೋಡಿದರೂ ಕನ್ನಡಿ ಹೊಳಪು. ಸಾವಿರ ಚಮಚ ಮಾಡಿದರೆ ಸಾವಿರವೂ ಒಂದೇ ತರಹ. ಇದು ಬೇಸರ ತರಿಸಿದಾಗ ಬೇರೆ ಬೇರೆ ಊರುಗಳಲ್ಲಿ ಕೆಲವರು ಮತ್ತೆ ಸುತ್ತಿಗೆ ಹಿಡಿದರು. ಲಂಡನ್‌ನಲ್ಲಿ ಸಿ.ಆರ್. ಆಶ್ಬಿ 1888ರಲ್ಲಿ ಕುಶಲಕರ್ಮಿಗಳ ಒಂದು ಸಂಘ ಕಟ್ಟಿದರು. ಅವರ ಬೆಳ್ಳಿ ಪಾತ್ರೆಗಳ ಮೇಲೆ ಸುತ್ತಿಗೆ ಗುರುತು ಹಾಗೇ ಉಳಿಯುತ್ತಿತ್ತು. ಜನಕ್ಕೆ ಅದು ಹಿಡಿಸಿತು. ಹಿಡಿಸಿದ್ದೇ ತಡ, ಲಂಡನ್‌ನದೇ 'ಲಿಬರ್ಟಿ' ಎಂಬ ದೊಡ್ಡ ಅಂಗಡಿ 1899ರಲ್ಲಿ 'ಸಿಮ್ರಿಕ್' ಎಂಬ ಹೆಸರಿನಲ್ಲಿ ಅದೇ ಬಗೆಯ ಬೆಳ್ಳಿ ಮಾರತೊಡಗಿತು. ಅದರಲ್ಲಿ ಬಹಳಷ್ಟನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಿನಿಂದ ತೆಗೆದು, ಆಮೇಲೆ ಮೇಲಿಂದ ಸುತ್ತಿಗೆ ಗುರುತು ಹಾಕುತ್ತಿದ್ದರು! ಅಲಂಕಾರಕ್ಕೆಂದು ಹಚ್ಚಿಕೊಂಡ ಬೆವರಿನ ಹನಿಯ ಹಾಗೆ. ಬೆಲೆ ಕಡಿಮೆ. ಆಶ್ಬಿಯವರ ಸಂಘ ಅದರ ಮುಂದೆ ನಿಲ್ಲಲಾಗದೆ 1907-08ರ ಹೊತ್ತಿಗೆ ಮುಚ್ಚಿತು. ಸಿಮ್ರಿಕ್‌ನ ಒಳ್ಳೊಳ್ಳೆ ವಿನ್ಯಾಸ ಮಾಡಿದ ಆರ್ಚಿಬಾಲ್ಡ್ ನಾಕ್ಸ್ ಹೆಸರನ್ನೂ ಆ ಅಂಗಡಿ ಹೊರಗೆ ಬಿಡುತ್ತಿರಲಿಲ್ಲ. ವಿನ್ಯಾಸ ಮಾತ್ರ ನಿಜಕ್ಕೂ ಚೆಂದ, ಅದನ್ನು ಒಪ್ಪಲೇಬೇಕು.

ಜೆನ್ಸನ್ ಕಥೆ ಬೇರೆ. ಅವರು ಹುಟ್ಟಿದ್ದು 1866ರಲ್ಲಿ, ಕೋಪನ್‌ಹೇಗನ್‌ನ ಉತ್ತರಕ್ಕಿರುವ ರೋವಾಡ್ ಎಂಬಲ್ಲಿ. ಅಪ್ಪ ಚಾಕು ಕಾರ್ಖಾನೆಯಲ್ಲಿ ಸಾಣೆ ಹಿಡಿಯುವವರು. ಹುಡುಗ 14ನೇ ವಯಸ್ಸಿಗೆ ಅಕ್ಕಸಾಲಿಗರ ಹತ್ತಿರ ಕೆಲಸ ಕಲಿಯಲು ಸೇರಿದ. ಆದರೆ ಮನಸ್ಸೆಲ್ಲ ಶಿಲ್ಪದ ಕಡೆ. ಡೆನ್ಮಾರ್ಕ್‌ನ ರಾಯಲ್ ಅಕಾಡೆಮಿಯಲ್ಲಿ ಶಿಲ್ಪ ಕಲಿತು 1892ರಲ್ಲಿ ಹೊರಬಂದರು. ಶಿಲ್ಪದಿಂದ ಹೊಟ್ಟೆ ತುಂಬಲಿಲ್ಲ. ಪಿಂಗಾಣಿ, ಮಣ್ಣಿನ ಪಾತ್ರೆಯ ಕೆಲಸಕ್ಕೆ ಕೈಹಾಕಿದರು. ಹೊಗಳಿದವರಿದ್ದರು, ಕೊಂಡವರು ಕಡಿಮೆ. 1901ರಲ್ಲಿ ಮೋಗೆನ್ಸ್ ಬಾಲಿನ್ ಅವರ ಲೋಹದ ಕಾರ್ಯಾಗಾರ ಸೇರಿದರು. ಕೊನೆಗೆ 1904ರಲ್ಲಿ ಬ್ರೆಡ್‌ಗೇಡ್ ಬೀದಿಯಲ್ಲಿ ತಮ್ಮದೇ ಚಿಕ್ಕ ಅಂಗಡಿ ಇಟ್ಟರು. ಆಗ ವಯಸ್ಸು 38 ಹತ್ತಿರ. ಹಳೆ ಕಸುಬಿಗೇ ವಾಪಸ್ ಬಂದರು, ಆದರೆ ಬಂದದ್ದು ಶಿಲ್ಪಿಯ ಕೈ.

ಆ ಕೈ ನಿಮ್ಮ ಬಟ್ಟಲಲ್ಲಿ ಕಾಣುತ್ತದೆ. ಬಟ್ಟಲಿನ ಒಳಮೈ ನೋಡಿ. ಒಂದು ಗೆರೆಯೂ ಇಲ್ಲ, ಖಾಲಿ. ಹೊರಮೈಯೂ ಬಹುಪಾಲು ಖಾಲಿಯೇ. ಅಲಂಕಾರ ಎಲ್ಲಿದೆ? ಕಾಂಡ ಬಟ್ಟಲಿಗೆ ಕೂಡುವ ಜಾಗದಲ್ಲಿ. ಬೆಸುಗೆ ಬೀಳುವ ಜಾಗವೇ ಅದು, ಕಣ್ಣಿಗೆ ಅಡ್ಡಿಯಾಗುವ ಜಾಗ. ಅಲ್ಲಿ ದ್ರಾಕ್ಷಿ ತೂಗುಬಿಟ್ಟರು. ನಿಜವಾದ ಬಳ್ಳಿಯಲ್ಲೂ ಗೊಂಚಲು ತೂಗುವುದು ಗೆಣ್ಣಿನಿಂದಲೇ ಅಲ್ವಾ? ಜೆನ್ಸನ್ ಅವರ ಚಹಾ ಪಾತ್ರೆಗಳಲ್ಲೂ ಇದೇ ಉಪಾಯ. ಮುಚ್ಚಳದ ಹಿಡಿ ಒಂದು ಮೊಗ್ಗು, ಕಾಲಿನ ಹತ್ತಿರ ಎಲೆ, ನಡುವೆ ಹೊಟ್ಟೆಭಾಗ ಬೋಳು. ಡೆನ್ಮಾರ್ಕ್‌ನವರು ಈ ಶೈಲಿಗೆ 'ಸ್ಕೊನ್‌ವಿರ್ಕೆ' ಎನ್ನುತ್ತಾರೆ, ಸೊಗಸಾದ ಕೆಲಸ ಎಂದು ಅರ್ಥ.

ಖಾಲಿ ಬಿಟ್ಟ ಮೈ ಸತ್ತ ಹಾಗೆ ಕಾಣಬಾರದಲ್ಲ, ಅದಕ್ಕೇ ಸುತ್ತಿಗೆ ಗುರುತು. ಬೆಳ್ಳಿ ತಗಡನ್ನು ಅಡೆಗಲ್ಲಿನ ಮೇಲಿಟ್ಟು ತಟ್ಟುತ್ತಾ ಹೋದರೆ ಅದು ಗಡಸಾಗುತ್ತದೆ. ಬಿರುಕು ಬಿಡುವ ಮುಂಚೆ ಕಾಸಿ ಮೆದು ಮಾಡಬೇಕು, ಮತ್ತೆ ತಟ್ಟಬೇಕು. ಕೊನೆಯಲ್ಲಿ ನುಣ್ಣನೆ ಮುಖದ ಸುತ್ತಿಗೆಯಿಂದ ಸಾಲಾಗಿ, ಹಗುರಾಗಿ ತಟ್ಟಿ ಮೈ ಸಮ ಮಾಡುತ್ತಾರೆ. ಮಾಮೂಲಿಯಾಗಿ ಅದರ ಮೇಲೆ ಉಜ್ಜಿ ಗುರುತು ಅಳಿಸಿಬಿಡುತ್ತಾರೆ. ಜೆನ್ಸನ್ ಅಳಿಸಲಿಲ್ಲ. ಆ ಚಿಕ್ಕ ಚಿಕ್ಕ ಮುಖಗಳ ಮೇಲೆ ಬೆಳಕು ಬಿದ್ದು ಒಡೆಯುತ್ತದೆ. ಕನ್ನಡಿಯ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಸಂಜೆ ಕೆರೆಯ ನೀರು ಗಾಳಿಗೆ ಅಲುಗಿದ ಹಾಗೆ ಇರುತ್ತದೆ. ಒಂದು ದೀಪ ಹಚ್ಚಿ ಪಕ್ಕದಲ್ಲಿಟ್ಟು ನೋಡಿ, ನಾನು ಹೇಳುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಇನ್ನು ನೀವು ಉಜ್ಜಿ ಉಜ್ಜಿ ಸೋತ ಆ ಕಪ್ಪು. ಅದನ್ನು ಬೇಕೆಂದೇ ಹಾಕಿದ್ದಾರೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ. ಬೀರುವಿನಲ್ಲಿಟ್ಟ ಕುಂಕುಮ ಭರಣಿ ತಾನಾಗಿ ಕಪ್ಪಾಗುವುದೂ ಇದರಿಂದಲೇ. ಜೆನ್ಸನ್ ಕಾರ್ಯಾಗಾರದಲ್ಲಿ ಪಾತ್ರೆ ಮುಗಿದ ಮೇಲೆ ಗಂಧಕದ ದ್ರಾವಣದಿಂದ ಅದನ್ನು ಕಪ್ಪು ಮಾಡಿ, ಆಮೇಲೆ ಉಬ್ಬಿದ ಕಡೆ ಮಾತ್ರ ಉಜ್ಜಿ ತೆಗೆಯುತ್ತಿದ್ದರು. ತಗ್ಗಿನಲ್ಲಿ ಕಪ್ಪು ಉಳಿಯುತ್ತಿತ್ತು. ಇದರಿಂದಲೇ ಒಂದೊಂದು ದ್ರಾಕ್ಷಿಯೂ ಬಿಡಿಬಿಡಿಯಾಗಿ ದುಂಡಗೆ ಕಾಣುವುದು. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಅಂದುಕೊಳ್ಳಿ. ಕಾಡಿಗೆ ತೊಳೆದರೆ ಕಣ್ಣು ಇರುತ್ತದೆ, ಆದರೆ ಆ ನೋಟ ಇರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಕೆಡಿಸಿ ಕಲಿತದ್ದು. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬರು ಇದೇ ಕಾರ್ಯಾಗಾರದ ಒಂದು ದೊಡ್ಡ ಚಮಚ ತಂದುಕೊಟ್ಟರು, ಸ್ವಲ್ಪ ಶುಚಿ ಮಾಡಿ ಅಂತ. ನಾನು ಜಾಣನ ಹಾಗೆ ಅದನ್ನು ಬೆಳ್ಳಿ ತೊಳೆಯುವ ರಾಸಾಯನಿಕದಲ್ಲಿ ಅದ್ದಿದೆ. ಅರ್ಧ ನಿಮಿಷ. ಹೊರಗೆ ತೆಗೆದರೆ ಅಲ್ಯೂಮಿನಿಯಂ ಪಾತ್ರೆಯ ಬಣ್ಣ. ಹಿಡಿಯ ಮೇಲಿನ ಎಲೆ, ಮಣಿ ಎಲ್ಲ ಒಂದೇ ಬಿಳಿಚು. ಅವರು ಏನೂ ಅನ್ನಲಿಲ್ಲ, ಸುಮ್ನೆ ಕಾಗದದಲ್ಲಿ ಸುತ್ತಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಕಪ್ಪನ್ನು ಮತ್ತೆ ಹಾಕಬಹುದು, ಹಾಕುವವರೂ ಇದ್ದಾರೆ. ಆದರೆ ಅದು ಹೊಸ ಕಪ್ಪು, ಗೊತ್ತಾಗಿಬಿಡುತ್ತದೆ.

ಆದ್ದರಿಂದ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ ಹೀಗೆ ಹೇಳಿ. ವಿಭೂತಿಯಿಂದ ಬೆಳ್ಳಿ ಹೊಳೆಯುವುದು ನಿಜ. ಯಾಕೆ ಹೊಳೆಯುತ್ತದೆ ಅಂದರೆ ಅದು ಬೆಳ್ಳಿಯನ್ನೇ ತುಸು ಕೆರೆದು ತೆಗೆಯುತ್ತದೆ. ಬೂದಿಯಲ್ಲಿ ಬೆಳ್ಳಿಗಿಂತ ಗಟ್ಟಿಯಾದ ಕಣಗಳಿರುತ್ತವೆ. ಪೂಜೆಯ ದಪ್ಪ ತಟ್ಟೆಗೆ ಅದು ನಡೆಯುತ್ತದೆ, ಇದಕ್ಕೆ ಬೇಡ. ಹಲ್ಲಿನ ಪುಡಿ, ಟೂತ್‌ಪೇಸ್ಟ್, ಹುಣಸೆಹಣ್ಣು, ನಿಂಬೆ ಸಿಪ್ಪೆ ಯಾವುದೂ ಬೇಡ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಅಲ್ಯೂಮಿನಿಯಂ ಹಾಳೆಯ ಜತೆ ಮುಳುಗಿಸಿ ಎಂದು ಮೊಬೈಲ್‌ನಲ್ಲಿ ಬರುವ ವಿಡಿಯೊ ನೋಡಿರುತ್ತೀರಿ. ಅದು ಬೆಳ್ಳಿಯನ್ನು ಕೆರೆಯುವುದಿಲ್ಲ, ನಿಜ. ಆದರೆ ಯಾವ ಕಪ್ಪು ಕೊಳೆ, ಯಾವ ಕಪ್ಪು ಕೆಲಸ ಎಂದು ಅದಕ್ಕೆ ತಿಳಿಯುವುದಿಲ್ಲ, ಎಲ್ಲವನ್ನೂ ತೆಗೆಯುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಲೇಬೇಡಿ.

ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ಸೋಪು, ಹಳೆ ಹತ್ತಿ ಬಟ್ಟೆ ಸಾಕು. ಪಂಚೆ ಹರಿದದ್ದು ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತೊಳೆದ ಕೂಡಲೇ ಒರೆಸಿ, ದ್ರಾಕ್ಷಿ ಸಂದಿಯಲ್ಲಿ ನೀರು ನಿಲ್ಲಬಾರದು. ಬಟ್ಟಲಿನ ಬಯಲು ಭಾಗ ಮಂಕಾಗಿದ್ದರೆ ಬೆಳ್ಳಿಗೆಂದೇ ಸಿಗುವ ಮೆತ್ತನೆ ಬಟ್ಟೆಯಿಂದ ಅಲ್ಲಿ ಮಾತ್ರ ಹಗುರಾಗಿ ಒರೆಸಿ. ವರ್ಷಕ್ಕೆ ಒಂದು ಸಲ ಸಾಕು. ಎತ್ತಿಡುವಾಗ ನ್ಯೂಸ್‌ಪೇಪರ್, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಮುಟ್ಟಿಸಬೇಡಿ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯ ಮೇಲೆ ಕಪ್ಪು ಗೆರೆ ಹೊಡೆಯುತ್ತದೆ. ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ನಿಮ್ಮ ಮಗಳು ಕೇಳಿದ್ದಕ್ಕೆ ಬರುತ್ತೇನೆ. ಜೆನ್ಸನ್ ಬೆಳ್ಳಿಗೆ ಹೊರದೇಶಗಳಲ್ಲಿ ಬೇಡಿಕೆ ಇರುವುದು ಇವತ್ತಿನ ಮಾತಲ್ಲ. 1909ರಲ್ಲೇ ಬರ್ಲಿನ್‌ನಲ್ಲಿ ಅವರ ಅಂಗಡಿ ಇತ್ತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಪ್ರದರ್ಶನಕ್ಕೆ ಅವರು ಕಳಿಸಿದ್ದ ಬೆಳ್ಳಿಯನ್ನು ಪತ್ರಿಕಾ ಉದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಒಟ್ಟಾಗಿ ಕೊಂಡುಬಿಟ್ಟರು. ಆದರೆ ಕಳಿಸುವ ಮುಂಚೆ ಒಂದು ಕಾನೂನಿನ ವಿಷಯ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಲ್ಲಿ ನೂರು ವರ್ಷ ಎಂಬ ಗಡಿ ಇದೆ. ಅಷ್ಟು ಹಳೆಯದಾದ ಕಲೆ, ಕುಶಲ ಕೆಲಸದ ವಸ್ತುಗಳು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅಂಥದ್ದನ್ನು ನಾವು ನಾವೇ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ನಿಮ್ಮ ಬಟ್ಟಲಿಗೆ 2023ಕ್ಕೆ ನೂರು ತುಂಬಿತು! ಹುಟ್ಟಿದ್ದು ಡೆನ್ಮಾರ್ಕ್‌ನಲ್ಲಿ, ಅದಕ್ಕೇನಾಗುತ್ತೆ ಎಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರಟರೆ ವಿಮಾನ ನಿಲ್ದಾಣದಲ್ಲಿ ಕಷ್ಟಕ್ಕೆ ಸಿಕ್ಕಬಹುದು. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೆ ಬಟ್ಟಲಿನ ಚಿತ್ರ, ಮುದ್ರೆಗಳ ಚಿತ್ರ ತೆಗೆದುಕೊಂಡು ಹೋಗಿ ವಿಚಾರಿಸಿ. ಅವರ ಉತ್ತರ ಬರವಣಿಗೆಯಲ್ಲಿ ಪಡೆಯಿರಿ.

ಇಲ್ಲೇ ಮಾರಿದರೆ? ಮಾರಬಹುದು. ಆದರೆ ಗಿರವಿ ಅಂಗಡಿಗೂ ಬೆಳ್ಳಿ ಅಂಗಡಿಗೂ ಹೋಗಬೇಡಿ, ಅಲ್ಲಿ ಸಿಗುವುದು ತೂಕದ ದುಡ್ಡು. ಕರಗಿಸಿದರೆ ಆ 431 ಗ್ರಾಂ ಬೆಳ್ಳಿ ಇನ್ನೊಂದು ಬಟ್ಟಲಾಗುತ್ತದೆ, ಜಗತ್ತಿನಲ್ಲಿ ಒಂದು 263 ಬಿ ಕಡಿಮೆಯಾಗುತ್ತದೆ. ನನ್ನ ಮಾತು ಕೇಳಿದರೆ ಮಾರಬೇಡಿ ಎನ್ನುತ್ತೇನೆ. ಇದು ತಜ್ಞನ ಮಾತಲ್ಲ, ಚಮಚ ಕೆಡಿಸಿದವನ ಮಾತು.

ನೀವು ಕೇಳಿಲ್ಲ, ಆದರೂ ಒಂದು ವಿಷಯ ಹೇಳದೆ ಇರಲಾರೆ. ಜೆನ್ಸನ್ ಅಂಗಡಿ ತೆರೆಯುವುದಕ್ಕೆ ಒಂದು ವರ್ಷ ಮುಂಚೆ, 1903ರಲ್ಲಿ, ವಿಯೆನ್ನಾದಲ್ಲಿ ಯೋಸೆಫ್ ಹೋಫ್ಮನ್ ಮತ್ತು ಕೊಲೊಮಾನ್ ಮೋಸರ್ 'ವೀನರ್ ವೆರ್ಕ್‌ಸ್ಟೇಟ್ಟೆ' ಎಂಬ ಕಾರ್ಯಾಗಾರ ಶುರು ಮಾಡಿದರು. ಜೆನ್ಸನ್‌ಗೂ ವಿಯೆನ್ನಾದವರಿಗೂ ಯಂತ್ರದ ಅಚ್ಚು ಬೇಡ, ಕೈಕೆಲಸ ಬೇಕು. ಆದರೆ ಹೋಫ್ಮನ್ ಬೆಳ್ಳಿ ಬುಟ್ಟಿಯಲ್ಲಿ ಹಣ್ಣೂ ಇಲ್ಲ, ಎಲೆಯೂ ಇಲ್ಲ. ಬರೀ ಚೌಕ. ತಗಡಿನಲ್ಲಿ ಸಾಲುಸಾಲು ಚೌಕದ ಕಿಂಡಿ, ನಮ್ಮ ಹಳೆ ಮನೆಯ ಜಾಲಂದ್ರದ ಹಾಗೆ. ಜನ ಅವರಿಗೆ 'ಚೌಕದ ಹೋಫ್ಮನ್' ಎಂದೇ ಅಡ್ಡಹೆಸರು ಇಟ್ಟಿದ್ದರು. ಅಲ್ಲಿನ ಪಾತ್ರೆಗಳ ಮೇಲೆ ವಿನ್ಯಾಸ ಮಾಡಿದವರ ಗುರುತಿನ ಜತೆ ತಟ್ಟಿ ಮಾಡಿದ ಕೆಲಸಗಾರನ ಗುರುತೂ ಇರುತ್ತಿತ್ತು. ನನಗೆ ಆ ಕಾರ್ಯಾಗಾರದ ಮೇಲೆ ಪ್ರೀತಿ ಇರುವುದು ಈ ಒಂದು ಕಾರಣಕ್ಕೇ. ದುಡ್ಡು ಹಾಕಿದ ಫ್ರಿಟ್ಸ್ ವೇರ್ನ್‌ಡಾರ್ಫರ್ ಆಸ್ತಿ ಕಳೆದುಕೊಂಡು 1914ರಲ್ಲಿ ಅಮೆರಿಕಕ್ಕೆ ಹೋದರು. ಕಾರ್ಯಾಗಾರ 1932ರಲ್ಲಿ ಮುಚ್ಚಿತು. ಜೆನ್ಸನ್ ಹೆಸರು ಮಾತ್ರ 1935ರಲ್ಲಿ ಅವರು ತೀರಿಕೊಂಡ ಮೇಲೂ ನಡೆಯಿತು. ಅದಕ್ಕೆ ದೊಡ್ಡ ಕಾರಣ ಅವರು ಬೇರೆಯವರ ಕೈಗೂ ಜಾಗ ಕೊಟ್ಟದ್ದು. ಚಿತ್ರಕಾರ ಯೋಹಾನ್ ರೋಡೆ 1920ರಲ್ಲಿ ಅವರಿಗಾಗಿ ಒಂದು ನೀರಿನ ಹೂಜಿ ಬರೆದುಕೊಟ್ಟರು. ಒಂದು ಎಲೆಯೂ ಇಲ್ಲದ, ಬರೀ ಒಂದು ಬಳುಕು. ತೀರಾ ಹೊಸತಾಯಿತು, ಜನ ಕೊಳ್ಳಲಿಕ್ಕಿಲ್ಲ ಎಂದು ಐದು ವರ್ಷ ಅದನ್ನು ಮಾಡದೇ ಇಟ್ಟಿದ್ದರು. 1925ರಲ್ಲಿ ಮಾಡಿದರು. ನಿಮ್ಮ ಬಟ್ಟಲಿಗೆ ಮುದ್ರೆ ಬಿದ್ದ ವರ್ಷ ಆ ಹೂಜಿ ಇನ್ನೂ ಕಾಗದದ ಮೇಲೇ ಇತ್ತು.

ಕೊನೆಗೆ ಹಬ್ಬ. ಖಂಡಿತ ಹೊರಗೆ ತೆಗೆಯಿರಿ. ಊಟದ ಮೇಜಿಗೆಂದು ಮಾಡಿದ್ದು ಅದು, ಬೀರುವಿಗೆಂದಲ್ಲ. ಹಣ್ಣು ಇಡಿ, ವೀಳ್ಯದೆಲೆ ಅಡಿಕೆ ಇಡಿ, ಏನೂ ಆಗುವುದಿಲ್ಲ. ಸಂಜೆ ಖಾಲಿ ಮಾಡಿ ತೊಳೆದು ಒರೆಸಿದರೆ ಆಯಿತು. ಕೋಸಂಬರಿ ಮಾತ್ರ ಹಾಕಬೇಡಿ, ಉಪ್ಪು ಬೆಳ್ಳಿಯನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಎತ್ತುವಾಗ ಬಟ್ಟಲಿನ ಅಂಚು ಹಿಡಿದು ಎತ್ತಬೇಡಿ, ಪೀಠದ ಕೆಳಗೆ ಕೈಕೊಟ್ಟು ಎತ್ತಿ. ಅರಿಸಿನ ಕುಂಕುಮಕ್ಕೆ ಬೇರೆ ಬಟ್ಟಲಿರಲಿ. ಕುಂಕುಮ ಉದುರಿ ಆ ದ್ರಾಕ್ಷಿ ಸಂದಿಗೆ ಸೇರಿತೆಂದರೆ ತೆಗೆಯುವುದು ಹೇಗೆ ಎಂದು ನೀವು ನನಗೆ ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.